ಪಾತ್ರೆ ಇಳಿಸಿದವರು

ನೆನಪಿನ ಅಧ್ಯಯನಕ್ಕೆ ಮನೆಮಂದಿಯೆಲ್ಲ ಹೆಸರು ಕೊಡಬೇಕು ಎಂದು ಗಗನಾ ಹೇಳಿದ್ದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ. ಓಂಕಾರಮೂರ್ತಿಯವರು ಅನ್ನ ಕಲಸುತ್ತಲೇ, ತನಗೇನೂ ಮರೆವು ಬಂದಿಲ್ಲ, ಬಂದವರು ಯಾರಾದರೂ ಇದ್ದರೆ ಹೋಗಲಿ ಎಂದರು. ಅಂಗಡಿಯ ಬೀಗದಕೈಯನ್ನು ವಾರಕ್ಕೆ ಎರಡು ಸಲ ಹುಡುಕುವವರು ಯಾರು ಎಂದು ಮಗ ಶಶಿಧರ್ ಕೇಳಿದ. ಸೊಸೆ ಪುಷ್ಪಲತಾ ಹುಳಿ ಬಡಿಸಿದಳು.

"ಪರೀಕ್ಷೆ ಅಲ್ಲ ತಾತ, ಪಾಸು ಫೇಲು ಏನಿಲ್ಲ. ಒಂದೇ ಮನೆಯ ಮೂರು ತಲೆಮಾರಿನವರು ಬೇಕಂತೆ. ನಮ್ಮ ಕ್ಲಾಸಲ್ಲಿ ಅಜ್ಜ ಅಜ್ಜಿ ಜೊತೆಗಿರೋರು ನಾವು ನಾಲ್ಕೇ ಜನ," ಎಂದಳು ಗಗನಾ.

"ಏನು ಕೊಡ್ತಾರಂತೆ?" ಎಂದ ಶಶಿಧರ್.

"ಒಂದು ಸ್ಟೀಲ್ ಡಬ್ಬ."

"ಡಬ್ಬ ನಮ್ಮನೇಲಿ ಬೇಕಾದಷ್ಟಿದೆ."

ಆದರೆ ಗಗನಾಳ ಅಜ್ಜಿ ಶಾಂತಕುಮಾರಿಯವರು, ಕೇಳುವವರು ಬರಲಿ ಎಂದರು. ಅವರು ಬರಲಿ ಎಂದ ಮೇಲೆ ಆ ಮನೆಯಲ್ಲಿ ಬೇಡ ಎನ್ನುವವರಿರಲಿಲ್ಲ. ಅರವತ್ತೊಂದು ವರ್ಷದ ಅವರಿಗೆ ತಮ್ಮ ನೆನಪಿನ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. ಬಳಗದಲ್ಲಿ ಯಾರ ಮದುವೆ ಯಾವ ವರ್ಷ, ಯಾರ ಮಗು ಯಾವ ವಾರ ಹುಟ್ಟಿದ್ದು, ಯಾವ ಗೃಹಪ್ರವೇಶಕ್ಕೆ ಏನು ಸಿಹಿ ಮಾಡಿದ್ದರು ಎಂಬುದಕ್ಕೆಲ್ಲ ಮೂಡಿಗೆರೆಯ ಜನ ಅವರನ್ನೇ ಕೇಳುತ್ತಿದ್ದರು. ಮನೆಯಲ್ಲಿ ಯಾವುದೇ ವಾದ ಎದ್ದರೂ ಶಾಂತಕುಮಾರಿ ಹೇಳಿದ್ದೇ ಕೊನೆ.

ಅದು ಎರಡು ಸಾವಿರದ ನಾಲ್ಕರ ಫೆಬ್ರವರಿ. ಪೇಟೆಯಲ್ಲಿ ಪಂಪು, ಪೈಪು, ಸ್ಪ್ರೇಯರ್ ಮಾರುವ ಅಂಗಡಿಯನ್ನು ಶಶಿಧರ್ ನೋಡಿಕೊಳ್ಳುತ್ತಿದ್ದ. ಊರ ಅಂಚಿನಲ್ಲಿ ಮನೆ, ಮನೆಯ ಹಿಂದೆ ಆರು ಎಕರೆ ಕಾಫಿ. ಕೊಯ್ಲು ಮುಗಿದು ಕಣದ ತುಂಬ ಹಣ್ಣು ಒಣಗುತ್ತಿತ್ತು. ಕಾಫಿಯನ್ನು ಅರಳಿಸುವ ಹೂಮಳೆ ಬರುವುದರೊಳಗೆ ಅದನ್ನು ಮೂಟೆ ಕಟ್ಟಬೇಕೆಂದು ಅತ್ತೆ ಸೊಸೆ ದಿನಕ್ಕೆ ನಾಲ್ಕು ಸಲ ಬಿಸಿಲಲ್ಲಿ ನಿಂತು ಕೈಯಾಡಿಸುತ್ತಿದ್ದರು. ಗಗನಾಳ ಎರಡನೇ ಪಿಯುಸಿ ಪರೀಕ್ಷೆಗೆ ಒಂದೂವರೆ ತಿಂಗಳಿತ್ತು.

ಮುಂದಿನ ಭಾನುವಾರ ಧನ್ಯಾ ಎಂಬ ಹುಡುಗಿ ಬಂದಳು. ಮೈಸೂರಿನಲ್ಲಿ ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಹತ್ತಿ ಚೂಡಿದಾರ, ಹೆಗಲಲ್ಲಿ ಟೇಪ್‌ರೆಕಾರ್ಡರಿನ ಚೀಲ. ಊರು ಯಾವುದೆಂದು ಶಾಂತಕುಮಾರಿ ಕೇಳಿದರು. ಕೊಪ್ಪದ ಕಡೆಯವಳೆಂದು ತಿಳಿದ ಮೇಲೆ ಮನೆಯ ಹುಡುಗಿಯಂತೆಯೇ ಕೂರಿಸಿ ಕಾಫಿ ಕೊಟ್ಟರು. ಅವಳು ಒಂದು ಒಪ್ಪಿಗೆ ಪತ್ರ ಓದಿ ಹೇಳಿದಳು. ಯಾರ ಹೆಸರೂ ಎಲ್ಲೂ ಬರುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಅವಳು ಹೇಳುವುದಿಲ್ಲ. ಯಾವಾಗ ಬೇಕಾದರೂ ಸಾಕು ಎನ್ನಬಹುದು. ನಾಲ್ಕು ವಾರ ಬಿಟ್ಟು ಇನ್ನೊಮ್ಮೆ ಬಂದು ಅದನ್ನೇ ಕೇಳುತ್ತಾಳೆ. ಅಲ್ಲಿಯವರೆಗೆ ಮನೆಯವರು ಆ ವಿಷಯ ತಮ್ಮ ತಮ್ಮಲ್ಲೇ ಮಾತಾಡಬಾರದು.

ಮೊದಲು ಒಬ್ಬೊಬ್ಬರನ್ನೇ ಮಹಡಿಯ ಕೋಣೆಗೆ ಕರೆದು, ಮನೆಯವರೆಲ್ಲರಿಗೂ ನೆನಪಿರಬಹುದಾದ ಮೂರು ಸಂಗತಿ ಹೇಳಿ ಎಂದಳು. ಐವರ ಪಟ್ಟಿಯಲ್ಲೂ ಇದ್ದದ್ದು ಒಂದೇ. ತೊಂಬತ್ತೊಂದರ ಜನವರಿಯಲ್ಲಿ, ನಾಲ್ಕು ವರ್ಷದ ಗಗನಾ ಕುದಿನೀರಿನ ಮೇಲೆ ಬಿದ್ದದ್ದು.

ಟೇಪಿನ ಮುಂದೆ ಕೂತ ಶಾಂತಕುಮಾರಿಯವರಿಗೆ ಅಳುಕೇನೂ ಆಗಲಿಲ್ಲ. ಈ ಕಥೆಯನ್ನು ಅವರು ನೂರು ಸಲ ಹೇಳಿದ್ದರು. ಗಗನಾಳ ಬಲತೋಳು ನೋಡಿ ಏನಾಯಿತು ಎಂದು ಕೇಳಿದ ಪ್ರತಿಯೊಬ್ಬರಿಗೂ ಹೇಳಿದ್ದರು. ಕೊಯ್ಲಿನ ಕಾಲ. ಬೆಳಿಗ್ಗೆ ಹತ್ತು ಗಂಟೆ. ತಿಂಡಿಗೆ ಕಡುಬು. ಪುಷ್ಪಲತಾ ಒಲೆಯ ಮುಂದಿದ್ದಳು. ತರೀಕೆರೆಯಿಂದ, ಅವಳ ತವರಿಂದ ಫೋನು ಬಂತು. ಅವಸರದಲ್ಲಿ ಕಡುಬು ಬೇಯಿಸುವ ಕುದಿನೀರಿನ ಪಾತ್ರೆ ಇಳಿಸಿ ಅಡುಗೆಮನೆಯ ಬಾಗಿಲಲ್ಲೇ ಇಟ್ಟು ಹೋದಳು. ಮಗು ಹಿತ್ತಲಿಂದ ಓಡಿಬಂದು ಎಡವಿತು. ಭುಜದಿಂದ ಮೊಣಕೈವರೆಗೆ ಸುಟ್ಟು ಇಪ್ಪತ್ತೆರಡು ದಿನ ಮಂಗಳೂರಿನ ಆಸ್ಪತ್ರೆಯಲ್ಲಿತ್ತು.

"ತವರಿನ ಫೋನು ಅಂದ್ರೆ ಹೆಣ್ಣುಮಕ್ಕಳಿಗೆ ಮೈಮೇಲೆ ಎಚ್ಚರ ಇರಲ್ಲ ನೋಡಮ್ಮ," ಎಂದು ಎಂದಿನಂತೆ ಮುಗಿಸಿದರು.

ಧನ್ಯಾ ತಲೆಯಾಡಿಸಿ ಸಣ್ಣ ಸಣ್ಣ ಪ್ರಶ್ನೆ ಕೇಳತೊಡಗಿದಳು. ಆಗ ನೀವೆಲ್ಲಿದ್ದಿರಿ? ಕಣದಲ್ಲಿದ್ದೆ, ಆಮೇಲೆ ಒಳಗೆ ಬಂದೆ. ಯಾಕೆ ಬಂದಿರಿ? ಭಾವ ಬಂದಿದ್ದರು, ಕಳಸದಿಂದ, ಜೊತೆಗೆ ಇನ್ನಿಬ್ಬರು. ಸಾಮಾನ್ಯವಾಗಿ ಬಿಸಿ ಪಾತ್ರೆ ಇಳಿಸಿ ಎಲ್ಲಿಡುತ್ತಿದ್ದಿರಿ? ಬಚ್ಚಲ ಮೂಲೆಯಲ್ಲಿ. ಅವತ್ತು ಬಾಗಿಲಲ್ಲಿ ಯಾಕೆ ಇಟ್ಟರು? ಹೇಳಿದೆನಲ್ಲ, ಅವಸರ. ಮಗು ಕಿರುಚಿದಾಗ ಒಲೆಯ ಮೇಲೆ ಏನಿತ್ತು?

"ಹಾಲು," ಎಂದರು ಶಾಂತಕುಮಾರಿ ಥಟ್ಟನೆ. "ಉಕ್ಕಿ ಸೀದು ಹೋಯ್ತು. ಮನೆಯೆಲ್ಲ ಸೀದ ವಾಸನೆ."

ಧನ್ಯಾ ಬರೆದುಕೊಂಡು, ಬೇರೇನಾದರೂ ಇದೆಯೇ ಎಂದಳು. ಇಲ್ಲ ಎಂದು ಶಾಂತಕುಮಾರಿ ಎದ್ದರು. ಮೆಟ್ಟಿಲಿಳಿಯುವಾಗ, ಹಾಲಿನ ವಿಷಯ ಈವರೆಗೆ ಯಾರಿಗೂ ಹೇಳಿರಲಿಲ್ಲ ಎನ್ನುವುದು ಅವರಿಗೆ ಹೊಳೆಯಿತು. ಯಾರೂ ಕೇಳಿರಲೇ ಇಲ್ಲ.

ಮರುದಿನ ಕಣದಲ್ಲಿ ಕಾಫಿಹಣ್ಣಿಗೆ ಕೈಯಾಡಿಸುತ್ತಿದ್ದಾಗಲೂ ಹಾಲು ತಲೆಯಿಂದ ಹೋಗಲಿಲ್ಲ. ಹಾಲು ಕಾಯಿಸಿದ್ದು ಭಾವನ ಕಾಫಿಗೆ. ಭಾವ ಬಂದಾಗ ಪುಷ್ಪಲತಾ ಫೋನಿನಲ್ಲಿದ್ದಳು. ಅಂದ ಮೇಲೆ ಹಾಲಿಟ್ಟದ್ದು ತಾನೇ. ಅದರಲ್ಲೇನು, ಇಟ್ಟಿರಬಹುದು ಎಂದುಕೊಂಡರು. ಆದರೆ ಆಗಿನ ಒಲೆಗೆ ಎರಡೇ ಬಾಯಿ. ಒಂದರ ಮೇಲೆ ಆಳುಗಳ ಹುಳಿ ಬೇಯುತ್ತಿತ್ತು. ಹಾಲಿಟ್ಟ ಬಾಯಿಯ ಮೇಲೆ ಅದಕ್ಕೆ ಮುಂಚೆ ಏನಿತ್ತು? ಖಾಲಿ ಇತ್ತೇ? ಸೊಸೆ ಪಾತ್ರೆ ಇಳಿಸಿಟ್ಟೇ ಹೋಗಿದ್ದರೆ ಖಾಲಿ ಇರಬೇಕು. ಖಾಲಿ ಒಲೆ ಎಷ್ಟು ಯೋಚಿಸಿದರೂ ಕಣ್ಣ ಮುಂದೆ ಬರಲಿಲ್ಲ.

ಅದೇ ವಾರ ಮನೆಯಲ್ಲಿ ಜಗಳವಾಯಿತು. ಕಾಲೇಜಿನ ಸೆಂಡಾಫಿಗೆ ಗಗನಾ ಸೀರೆ ಉಡಬೇಕಿತ್ತು. ಪುಷ್ಪಲತಾ ರವಿಕೆಯನ್ನು ತಾನೇ ಹೊಲಿದಳು. ತೋಳು ಮೊಣಕೈಗಿಂತ ಎರಡು ಬೆರಳು ಮೇಲಕ್ಕೆ ನಿಂತಿತು. ಬಟ್ಟೆ ಸಾಲಲಿಲ್ಲ, ಅಷ್ಟೇನೂ ಕಾಣುವುದಿಲ್ಲ ಎಂದಳು. ಗಗನಾ ರವಿಕೆಯನ್ನು ಹಾಸಿಗೆಯ ಮೇಲೆ ಎಸೆದಳು.

"ನಿಂಗೆ ಕಾಣಲ್ಲ ಬಿಡು. ಅವತ್ತೂ ಕಾಣಲಿಲ್ಲ. ನಿಂಗೆ ಫೋನ್ ಮುಖ್ಯ ಆಗಿತ್ತು."

"ಗಗನಾ."

"ಏನು ಗಗನಾ? ಸುಳ್ಳಾ?"

ಪುಷ್ಪಲತಾ ರವಿಕೆ ಎತ್ತಿಕೊಂಡು, ಬೇರೆ ಬಟ್ಟೆ ತಂದು ಉದ್ದ ಮಾಡಿಕೊಡುತ್ತೇನೆ ಎಂದಷ್ಟೇ ಹೇಳಿದಳು. ಇಂಥ ಹೊತ್ತಿನಲ್ಲಿ ಗಗನಾ ಅಜ್ಜಿಯ ಕಡೆ ನೋಡುವುದು ರೂಢಿ. ಅಜ್ಜಿ ಅವಳ ತಲೆ ನೇವರಿಸಿ, ಹೋಗಲಿ ಬಿಡೇ, ಆದದ್ದು ಆಯಿತು, ನಿನ್ನಮ್ಮ ಬೇಕಂತ ಮಾಡಿದ್ದಲ್ಲ ಎನ್ನುತ್ತಿದ್ದರು. ಆ ಮಾತಿನಲ್ಲಿ ಸಮಾಧಾನವೂ ಇತ್ತು, ತೀರ್ಪೂ ಇತ್ತು. ಈ ಸಲ ಗಗನಾ ನೋಡಿದಾಗ ಶಾಂತಕುಮಾರಿ ಅಕ್ಕಿ ಆರಿಸುವ ಮೊರದಿಂದ ಕಣ್ಣೆತ್ತಲಿಲ್ಲ.

ಆ ಅಪಘಾತ ಪುಷ್ಪಲತಾಳ ಬದುಕನ್ನು ಹೇಗೆ ಕಟ್ಟಿಹಾಕಿತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಅಂದು ಫೋನು ಬಂದದ್ದು ಅವಳ ಅಪ್ಪನಿಗೆ ಎದೆನೋವು ಎಂದು ತಿಳಿಸಲು. ಮಗು ಆಸ್ಪತ್ರೆಯಲ್ಲಿದ್ದಾಗಲೇ ಅವರು ತೀರಿಕೊಂಡರು. ಅವಳು ಮಣ್ಣಿಗೆ ಹೋಗಿ ಅದೇ ದಿನ ಮರಳಿ ಮಗುವಿನ ಹಾಸಿಗೆಯ ಪಕ್ಕ ಕೂತಳು. ಆ ವರ್ಷ ಶಶಿಧರ್ ಹೆಂಡತಿಯೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಒಂದು ಮಗು ನೋಡಿಕೊಳ್ಳಲಾಗದವಳು ಎಂದು ಒಮ್ಮೆ ಅಂದ. ಮುಂದೆ ಅವನೇ ಮೆತ್ತಗಾದ, ಇನ್ನೊಂದು ಮಗು ಬೇಕೆಂದ. ಪುಷ್ಪಲತಾ ಒಪ್ಪಲಿಲ್ಲ. ಮಗಳ ತೋಳಿಗೆ ಹತ್ತು ವರ್ಷ ಎರಡು ಹೊತ್ತೂ ಎಣ್ಣೆ ತಿಕ್ಕಿದವಳು ಅವಳೇ. ಮಗಳು ಒರಗಿದ್ದು ಮಾತ್ರ ಅಜ್ಜಿಯ ಹೆಗಲಿಗೆ.

ಮೂರನೇ ವಾರ ಕಳಸದಿಂದ ಸೋಮಶೇಖರಪ್ಪನವರು ಬಂದರು. ಓಂಕಾರಮೂರ್ತಿಯವರ ಅಣ್ಣ, ಎಪ್ಪತ್ತು ದಾಟಿದವರು, ಪಂಪಿನ ಭಾಗ ಕೊಳ್ಳಲು ಬಂದು ತಿಂಡಿಗೆ ಉಳಿದರು. ದೋಸೆ ತಡವಾಯಿತು. ಒಲೆಯ ಮುಂದಿದ್ದ ಶಾಂತಕುಮಾರಿ, ಐದೇ ನಿಮಿಷ ಭಾವ ಎಂದು ಒಳಗಿಂದಲೇ ಕೂಗಿದರು.

"ನಿನ್ನ ಐದು ನಿಮಿಷ ಗೊತ್ತಮ್ಮ ನಂಗೆ," ಎಂದು ಅವರು ನಕ್ಕರು. "ಆ ಮಗು ಸುಟ್ಕೊಂಡ ದಿವ್ಸನೂ ಹಿಂಗೇ ಅಂದಿದ್ದೆ. ಹೊಟ್ಟೆ ಹಸಿದು ಬಂದ್ರೆ, ಕೊನೇ ಒಬ್ಬೆ ಕಡುಬು ಒಲೆ ಮೇಲಿದೆ, ಐದು ನಿಮಿಷ ಕೂತ್ಕೊಳ್ಳಿ ಅಂದೆ. ಎರಡು ಕಡುಬು ತಿನ್ನೋದ್ರೊಳಗೆ ಎಲ್ಲ ಆಗ್ಹೋಯ್ತು."

ಪುಷ್ಪಲತಾ ಕಣದಲ್ಲಿದ್ದಳು, ಗಗನಾ ಕಾಲೇಜಿನಲ್ಲಿ. ಓಂಕಾರಮೂರ್ತಿಯವರು ಪೇಪರು ಓದುತ್ತಿದ್ದರು. ಆ ಮಾತು ಕೇಳಿಸಿಕೊಂಡದ್ದು ಶಾಂತಕುಮಾರಿ ಒಬ್ಬರೇ. ಅವರು ದೋಸೆ ಮಗುಚುವ ಸಟ್ಟುಗ ಹಿಡಿದೇ ಹೊರಗೆ ಬಂದರು.

"ಆಗ ಪುಷ್ಪ ಎಲ್ಲಿದ್ದಳು ಭಾವ?"

"ಫೋನಲ್ಲಿದ್ಲಲ್ಲ. ನಮ್ಮ ಕಡೆ ಬೆನ್ನು ಹಾಕ್ಕೊಂಡು ನಿಂತಿದ್ಲು. ಹೆಗಲ ಮೇಲೆ ಮಸಿಬಟ್ಟೆ. ಯಾಕೆ?"

ಏನಿಲ್ಲ ಎಂದು ಶಾಂತಕುಮಾರಿ ಒಳಗೆ ಹೋದರು. ಹೆಂಚಿನ ಮೇಲಿದ್ದ ದೋಸೆ ಸೀದಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಅವರಿಗೆ ಎಲ್ಲವೂ ನೆನಪಾಗಿತ್ತು. ಮುಚ್ಚಳ ತೆಗೆದದ್ದು, ಹಬೆ ಮುಖಕ್ಕೆ ಬಡಿದದ್ದು, ಕಡುಬನ್ನು ಬುಟ್ಟಿಗೆ ಹಾಕಿದ್ದು. ಹಾಲಿಡಲು ಪಾತ್ರೆ ಇಳಿಸಬೇಕು. ಮಸಿಬಟ್ಟೆ ಹುಡುಕಿದರು, ಸಿಗಲಿಲ್ಲ. ಅದು ಸೊಸೆಯ ಹೆಗಲ ಮೇಲಿತ್ತು. ಸೆರಗನ್ನೇ ಮಡಿಸಿ ಹಿಡಿದು ಇಳಿಸಿದರು. ತೆಳು ಸೆರಗು, ಬಿಸಿ ತಡೆಯಲಿಲ್ಲ. ಬಚ್ಚಲವರೆಗೆ ಒಯ್ಯಲಾಗದೆ ಬಾಗಿಲಲ್ಲೇ ಇಟ್ಟರು. ಹಾಲಿಟ್ಟು, ಭಾವನಿಗೆ ತಟ್ಟೆ ಒಯ್ದರು.

ಆ ಹಸಿರು ಸೀರೆಯ ಸೆರಗಿಗೆ ಹತ್ತಿದ ಮಸಿ ಎಷ್ಟು ಒಗೆದರೂ ಹೋಗದೆ, ಅದನ್ನು ತೋಟದ ಕೆಲಸದ ಸಿದ್ದಮ್ಮನಿಗೆ ಕೊಟ್ಟಿದ್ದೂ ನೆನಪಾಯಿತು.

ಇನ್ನೊಂದೂ ನೆನಪಾಯಿತು. ಮಗುವನ್ನು ಎತ್ತಿಕೊಂಡು ಜೀಪಿನ ಕಡೆ ಓಡುವಾಗ ಓಂಕಾರಮೂರ್ತಿಯವರು, ಪಾತ್ರೆ ಇಲ್ಲಿಟ್ಟವರು ಯಾರು ಎಂದು ಗದರಿದ್ದರು. ಒಲೆ ಮುಂದಿದ್ದವಳು ಫೋನಿಗೆ ಹೋದಳು ಎಂದು ತಾವು ಹೇಳಿದ್ದರು. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಉಳಿದದ್ದನ್ನು ಕೇಳಿದವರೇ ಸೇರಿಸಿಕೊಂಡರು. ಆಸ್ಪತ್ರೆಯ ಜಗಲಿಯಲ್ಲಿ ಬಂದವರಿಗೆಲ್ಲ ಹೇಳುತ್ತ ಹೇಳುತ್ತ ತಾವೂ ಅದನ್ನೇ ನಂಬಿದರು.

ಆ ದಿನ ಅವರು ಊಟ ಮಾಡಲಿಲ್ಲ, ಪಿತ್ತ ಎಂದರು. ಎರಡು ದಿನ ಬಿಟ್ಟು ಗಂಡ ಹೆಂಡತಿ ಇಬ್ಬರೇ ಕಣಕ್ಕೆ ಟಾರ್ಪಾಲು ಹೊದಿಸುತ್ತಿದ್ದಾಗ ವಿಷಯ ತಿಳಿಸಿದರು. ಓಂಕಾರಮೂರ್ತಿಯವರು ಟಾರ್ಪಾಲಿನ ತುದಿಗೆ ಕಲ್ಲು ಹೇರುತ್ತ ಕೇಳಿದರು.

"ಈಗ ಅದನ್ನ ಎತ್ತಿ ಏನ್ಮಾಡ್ತೀಯ? ಹದಿಮೂರು ವರ್ಷ ಆಯ್ತು. ಅವಳೂ ಮರ್ತಿದ್ದಾಳೆ."

"ಮರ್ತಿಲ್ಲ. ಮೊನ್ನೆ ರವಿಕೆ ಜಗಳ ನೀವೂ ಕೇಳಿದ್ರಿ."

"ಮನೇಲಿ ಶಶಿ ಒಂದು ದಿಕ್ಕು, ಸೊಸೆ ಒಂದು ದಿಕ್ಕು, ಹುಡುಗಿ ಒಂದು ದಿಕ್ಕು ಆಗ್ತಾರೆ. ನಿನ್ನ ಮಾತಿಗೆ ನಾಳೆಯಿಂದ ಬೆಲೆ ಇರಲ್ಲ. ಹೋಗ್ಲಿ, ಹುಡುಗಿ ಪರೀಕ್ಷೆಯಾದ್ರೂ ಮುಗೀಲಿ."

ಪರೀಕ್ಷೆಯ ಮಾತು ಸರಿಯಾಗಿಯೇ ಇತ್ತು. ಶಾಂತಕುಮಾರಿ ಅದರ ಮರೆಯಲ್ಲಿ ನಿಂತರು. ಒಳಗೆ ಸಣ್ಣದೊಂದು ನಿರಾಳವೂ ಆಯಿತು. ಆ ನಿರಾಳವೇ ಅವರಿಗೆ ಹೇಸಿಗೆ ತರಿಸಿತು.

ಮಾರ್ಚ್ ಮೊದಲ ವಾರ ಧನ್ಯಾ ಮತ್ತೆ ಬಂದಳು. ಟೇಪು ಹಾಕಿ, ಹೋದ ಸಲ ಹೇಳಿದ್ದನ್ನು ಮತ್ತೆ ಹೇಳಿ ಎಂದಳು. ಹೋದ ಸಲ ಹೇಳಿದ್ದರಲ್ಲಿ ತಪ್ಪಿತ್ತು ಎಂದರು ಶಾಂತಕುಮಾರಿ. ತಪ್ಪು ಸರಿ ತಾನು ನೋಡುವುದಿಲ್ಲ, ಈಗ ಹೇಗೆ ನೆನಪಿದೆಯೋ ಹಾಗೆ ಹೇಳಬಹುದು ಎಂದಳು ಹುಡುಗಿ. ಅವರು ಮೊದಲಿಂದ ಹೇಳಿದರು. ಫೋನು, ಭಾವ, ಒಬ್ಬೆ, ಸೆರಗು, ಬಾಗಿಲು, ಹಾಲು. ಮುಗಿದ ಮೇಲೆ ಧನ್ಯಾ ನೀರು ಕೊಟ್ಟಳು.

"ಪುಷ್ಪ ಏನು ಹೇಳಿದಾಳೆ?"

"ಅದನ್ನ ನಾನು ಹೇಳೋ ಹಾಗಿಲ್ಲ ಅಮ್ಮ."

"ನಾನು ಹೇಳಿದ್ದನ್ನ ಅವಳಿಗೆ ನೀನು ಹೇಳಬಹುದಾ? ನಾನೇ ಒಪ್ಪಿಗೆ ಕೊಡ್ತೀನಿ. ಬರೆದು ಸಹಿ ಹಾಕ್ತೀನಿ."

ಧನ್ಯಾ ಟೇಪು ನಿಲ್ಲಿಸಿದಳು. "ಅದು ನನ್ನ ಕೆಲಸ ಅಲ್ಲ ಅಮ್ಮ. ನೀವೇ ಹೇಳಬೇಕು ಅನ್ನಿಸಿದ್ರೆ ಹೇಳಿ. ಹೇಳಲೇಬೇಕು ಅಂತ ನಾನು ಅನ್ನಲ್ಲ. ಇವತ್ತಿಗೆ ನನ್ನ ಅಧ್ಯಯನ ಮುಗೀತು, ಮಾತಾಡಬಾರದು ಅಂತ ಈಗ ಏನಿಲ್ಲ." ಬೇಕಾದರೆ ಫೋನು ಮಾಡಿ ಎಂದು ನಂಬರು ಬರೆದುಕೊಟ್ಟಳು.

ಟೇಪಿಗೆ ಹೇಳಿದರೆ ಅರ್ಧ ಭಾರ ಇಳಿಯುತ್ತದೆ ಎಂದು ಶಾಂತಕುಮಾರಿ ಅಂದುಕೊಂಡಿದ್ದರು. ಕೆಳಗೆ ಬಂದಾಗ ಪುಷ್ಪಲತಾ, ಅತ್ತೆ ಸುಸ್ತಾಗಿದ್ದೀರಿ ಎಂದು ಕಾಫಿ ತಂದಿಟ್ಟಳು. ಅದನ್ನು ಕುಡಿಯುವುದು ಅವರಿಗೆ ಕಷ್ಟವಾಯಿತು. ಧನ್ಯಾ ಕೊಟ್ಟ ಸ್ಟೀಲ್ ಡಬ್ಬಕ್ಕೆ ಸೊಸೆ ಅಂದೇ ಸಾಸಿವೆ ತುಂಬಿದಳು.

ಗಗನಾಳ ಪರೀಕ್ಷೆ ಮುಗಿದದ್ದು ಮಾರ್ಚ್ ಕೊನೆಯಲ್ಲಿ. ಅಷ್ಟರಲ್ಲಿ ಹೂಮಳೆ ಬಿದ್ದು ತೋಟ ಬೆಳ್ಳಗಾಗಿತ್ತು, ಮೂಟೆಗಳೆಲ್ಲ ಗೋದಾಮು ಸೇರಿದ್ದವು. ಮರುದಿನ ಬೆಳಿಗ್ಗೆ ಗಂಡಸರು ಅಂಗಡಿಗೆ ಹೋದ ಮೇಲೆ ಶಾಂತಕುಮಾರಿ ಅಡುಗೆಮನೆಗೆ ಬಂದರು. ಪುಷ್ಪಲತಾ ಬೀನ್ಸು ಹೆಚ್ಚುತ್ತಿದ್ದಳು. ಅವಳ ಎದುರು ಮಣೆ ಹಾಕಿ ಕೂತು, ಸುತ್ತಿ ಬಳಸದೆ ಹೇಳಿದರು. ಆ ಪಾತ್ರೆ ಬಾಗಿಲಲ್ಲಿಟ್ಟದ್ದು ನೀನಲ್ಲ, ನಾನು.

ಪುಷ್ಪಲತಾ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಯಾಕತ್ತೆ ಈಗ ಹಿಂಗೆ ಹೇಳ್ತೀರಿ? ಗಗನಾ ನನ್ನ ಹತ್ರ ಚೆನ್ನಾಗಿರ್ಲಿ ಅಂತಾನಾ? ಬೇಡ."

"ಅದಕ್ಕಲ್ಲ. ನಿಜ ಹೇಳ್ತಿದೀನಿ."

"ನಾನೇ ಇಳಿಸಿದ್ದು. ನಂಗೆ ಚೆನ್ನಾಗಿ ನೆನಪಿದೆ. ಮಸಿಬಟ್ಟೆ ಒದ್ದೆ ಇತ್ತು, ಕೈ ಚುರ್ ಅಂತು. ಫೋನು ಹೊಡ್ಕೊಳ್ತಾನೇ ಇತ್ತು. ಎರಡು ಕೈಯಲ್ಲೂ ಹಿಡಿದು ಬಾಗಿಲ ಹತ್ರ ಇಟ್ಟೆ. ಆ ಹುಡುಗಿಗೂ ಎರಡು ಸಲ ಅದನ್ನೇ ಹೇಳಿದೆ."

ಶಾಂತಕುಮಾರಿಯವರು ಇದಕ್ಕೆ ಸಿದ್ಧರಾಗಿರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಎದ್ದು ಹೋಗುತ್ತಾಳೆ ಎಂದೆಲ್ಲ ಎಣಿಸಿದ್ದರು. ಮಾಡದ ಕೆಲಸವನ್ನು ತನ್ನದೇ ಎಂದು ಇಷ್ಟು ವಿವರವಾಗಿ ಹೇಳುತ್ತಾಳೆ ಎಂದು ಎಣಿಸಿರಲಿಲ್ಲ. ಕೈ ಬಿಸಿಯಾದದ್ದು ತನ್ನದು. ಅದು ಯಾವಾಗ ಇವಳ ಕೈಗೆ ಹೋಯಿತು?

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ನೀನು ಫೋನಿಗೆ ಹೋದ ಮೇಲೆ ದೊಡ್ಡ ಮಾವ ಬಂದರು. ಕೊನೆಯ ಒಬ್ಬೆ ಒಲೆ ಮೇಲಿದೆ, ಕೂತುಕೊಳ್ಳಿ ಎಂದು ನಾನು ಅವರಿಗೆ ಹೇಳಿದೆ. ಅವರಿಗೂ ನೆನಪಿದೆ, ಹೋದ ತಿಂಗಳು ತಾವಾಗಿಯೇ ಹೇಳಿದರು. ಆಗ ನೀನು ಅವರ ಕಣ್ಣೆದುರಿಗೇ ಫೋನಿನಲ್ಲಿದ್ದೆ. ಪಾತ್ರೆ ಒಲೆಯ ಮೇಲಿತ್ತು.

ಈಳಿಗೆಮಣೆಯ ಮೇಲೆ ಪುಷ್ಪಲತಾಳ ಕೈ ನಿಂತಿತು.

"ನಿಮಗೆ ಯಾವತ್ತಿಂದ ಗೊತ್ತು?"

"ಒಂದು ತಿಂಗಳಿಂದ."

"ಅದಕ್ಕೆ ಮುಂಚೆ ಗೊತ್ತಿರ್ಲಿಲ್ವಾ?"

ಇರಲಿಲ್ಲ ಎನ್ನಬಹುದಿತ್ತು. "ಗೊತ್ತಿರ್ಲಿಲ್ಲ ಅನ್ನೋಕೆ ಬಾಯಿ ಬರಲ್ಲ ಪುಷ್ಪ. ನನ್ನನ್ನ ನಾನು ಕೇಳ್ಕೊಳ್ಳಲಿಲ್ಲ. ಕೇಳ್ಕೊಂಡಿದ್ರೆ ಅವತ್ತೇ ಗೊತ್ತಾಗ್ತಿತ್ತು."

ಪುಷ್ಪಲತಾ ಹೆಚ್ಚಿದ ತರಕಾರಿಯನ್ನು ತೊಳೆದಳು, ಒಗ್ಗರಣೆ ಹಾಕಿದಳು, ಅನ್ನಕ್ಕಿಟ್ಟಳು. ಎಲ್ಲ ಮುಗಿಸಿ ಕೈ ಒರೆಸಿಕೊಂಡು, "ನಂಗೊಬ್ಬಳಿಗೇ ಹೇಳಿದ್ರೆ ಸಾಲ್ದು. ಅವರೆಲ್ಲರ ಮುಂದೆ ಹೇಳಿ. ನಾನಿರುವಾಗಲೇ ಹೇಳಿ," ಎಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವಳು ಅತ್ತೆಗೆ ಹೀಗೆ ಮಾಡಿ ಎಂದು ಹೇಳಿದ್ದು ಅದೇ ಮೊದಲು.

ಮಧ್ಯಾಹ್ನದ ಊಟಕ್ಕೆ ಐವರೂ ಇದ್ದರು. ಓಂಕಾರಮೂರ್ತಿಯವರು ಹೆಂಡತಿಯ ಮುಖ ನೋಡಿಯೇ ತಿಳಿದುಕೊಂಡರು, ಊಟ ಆಗಲಿ ಎಂದರು. ಊಟಕ್ಕೆ ಮೊದಲೇ ಹೇಳುತ್ತೇನೆ ಎಂದು ಶಾಂತಕುಮಾರಿ ನಿಂತುಕೊಂಡೇ ಹೇಳಿದರು. ಮಗನಿಗೆ, ಮೊಮ್ಮಗಳಿಗೆ. ಸೆರಗಿನ ಮಸಿಯನ್ನೂ ಬಿಡಲಿಲ್ಲ. ಜೀಪಿನ ಹತ್ತಿರ ಆಡಿದ ಮಾತನ್ನೂ ಬಿಡಲಿಲ್ಲ.

ಶಶಿಧರ್ ಅಮ್ಮನನ್ನು ನೋಡಿದ, ಆಮೇಲೆ ಹೆಂಡತಿಯನ್ನು. ತಟ್ಟೆಯ ಮುಂದಿಂದ ಎದ್ದು ಹಿತ್ತಲಿಗೆ ಹೋಗಿ ನಲ್ಲಿಯ ಹತ್ತಿರ ನಿಂತ. ಗಗನಾ ಮಾತ್ರ ಕೂತಲ್ಲೇ ಇದ್ದಳು. ಅವಳ ಮುಖ ಕೆಂಪಾಗಿತ್ತು.

"ಮತ್ತೆ ನಾನು ಅಮ್ಮಂಗೆ ಬೈದಾಗೆಲ್ಲ ಸುಮ್ನಿದ್ರಲ್ಲ ಅಜ್ಜಿ."

"ಹೂಂ."

"ನನ್ನ ತಲೆ ಸವರ್ತಿದ್ರಿ."

"ಹೂಂ."

ಗಗನಾ ತಾಯಿಯ ಕಡೆ ತಿರುಗಿದಳು. "ಮಾಡಿಲ್ದೇ ಇದ್ದಿದ್ದನ್ನ ನೀನ್ಯಾಕೆ ಒಪ್ಕೊಂಡೆ?"

"ಎಲ್ಲರೂ ಹೇಳ್ತಿದ್ರು," ಎಂದಳು ಪುಷ್ಪಲತಾ. "ನಿನ್ನ ಕೈ ನೋಡಿದಾಗೆಲ್ಲ ಯಾರಾದ್ರೂ ಮಾಡಿರ್ಬೇಕು ಅನ್ಸೋದು. ನಾನೇ ಇರ್ಬೇಕು ಅಂದ್ಕೊಂಡೆ. ಆಮೇಲೆ ನೆನಪೇ ಬಂತು."

ಅಂದು ಅಡುಗೆ ಮುಕ್ಕಾಲು ಪಾಲು ಉಳಿಯಿತು. ಮರುದಿನ ಬೆಳಿಗ್ಗೆ ಪುಷ್ಪಲತಾ ಬಟ್ಟೆ ತುಂಬಿಕೊಂಡು, ತರೀಕೆರೆಗೆ ಹೋಗುತ್ತೇನೆ ಎಂದಳು. ಎಷ್ಟು ದಿನ ಎಂದು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಗಗನಾ ತಾನೂ ಬರುತ್ತೇನೆ ಎಂದು ಹೊರಟಳು. ತಾಯಿ ಬೇಡ ಎನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಇಬ್ಬರನ್ನೂ ಶಶಿಧರ್ ಬಸ್ಸಿಗೆ ಹತ್ತಿಸಿ ಬಂದ.

ಆ ದಿನಗಳಲ್ಲಿ ಶಾಂತಕುಮಾರಿ ಒಬ್ಬರೇ ಮನೆ ನಡೆಸಿದರು. ಬೆಳಿಗ್ಗೆ ಐದಕ್ಕೆ ಎದ್ದು ತಿಂಡಿ, ಅಡುಗೆ, ಬಟ್ಟೆ, ತೋಟದ ಆಳುಗಳ ಕಾಫಿ. ಮೊಣಕಾಲು ನೋಯುತ್ತಿತ್ತು. ಇದನ್ನೆಲ್ಲ ಸೊಸೆ ಸದ್ದಿಲ್ಲದೆ ಮಾಡುತ್ತಿದ್ದಳೆಂದು ಗೊತ್ತಿತ್ತು, ಈಗ ಮೈಗೂ ಗೊತ್ತಾಯಿತು. ಮಗ ಬೇಕಾದಷ್ಟೇ ಮಾತಾಡಿದ. ಒಂದು ದಿನ ತಿಂಡಿ ತಿನ್ನುವಾಗ, "ನಾನೂ ಅವಳಿಗೆ ಏನೇನೋ ಅಂದಿದೀನಿ ಅಮ್ಮ. ಅದನ್ನ ನೀವು ಹೇಳಿಸಿದ್ದಲ್ಲ," ಎಂದ. ಅಷ್ಟೇ. ಓಂಕಾರಮೂರ್ತಿಯವರು ಹೆಂಡತಿಯನ್ನು ದೂರಲಿಲ್ಲ. ತರಕಾರಿ ಹೆಚ್ಚಿಕೊಟ್ಟರು, ದಪ್ಪ ದಪ್ಪ ಹೋಳು. ಪಕ್ಕದ ಮನೆಯ ರಾಮಮ್ಮ ಬಂದು ಸೊಸೆ ಎಲ್ಲಿ ಎಂದು ಕೇಳಿದಾಗ ಶಾಂತಕುಮಾರಿ ಅವರಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ರಾಮಮ್ಮ ಬಿಸಿಲಿನ ಮಾತೆತ್ತಿದರು. ಹೀಗೆ ಇನ್ನೂ ಎಷ್ಟು ಮನೆಗಳಿಗೆ ಹೇಳಬೇಕೆಂದು ಲೆಕ್ಕ ಹಾಕಿದಾಗ ಶಾಂತಕುಮಾರಿಯವರಿಗೆ ಆಯಾಸವಾಯಿತು. ಆದರೂ ಕೈಯಲ್ಲಾದಷ್ಟು ಹೇಳಿದರು. ಮಹಿಳಾ ಸಂಘದ ಹೆಂಗಸರಿಗೆ, ಪರಿಚಯದ ಬಸವರಾಜಪ್ಪನವರ ಮನೆಯ ನಾಮಕರಣದಲ್ಲಿ ಸಿಕ್ಕವರಿಗೆ. ಕೆಲವರು ಕೇಳಿಸಿಕೊಂಡರು. ಕೆಲವರು, ಈಗ್ಯಾಕೆ ಬಿಡಿ ಎಂದರು.

ಹನ್ನೊಂದನೇ ದಿನ ಶಶಿಧರ್ ತರೀಕೆರೆಗೆ ಹೋದ, ಮರುದಿನ ಇಬ್ಬರನ್ನೂ ಕರೆತಂದ. ಗಗನಾ ಅರ್ಧ ತೋಳಿನ ಚೂಡಿದಾರ ಹಾಕಿದ್ದಳು. ಅಜ್ಜಿಯನ್ನು ಕಂಡು ಹೂಂ ಎಂದಷ್ಟೇ ಹೇಳಿ ಒಳಗೆ ಹೋದಳು. ಮೊದಲಿನ ಸಲಿಗೆ ಇರಲಿಲ್ಲ, ಅದನ್ನು ನಿರೀಕ್ಷಿಸುವ ಧೈರ್ಯ ಶಾಂತಕುಮಾರಿಯವರಿಗೂ ಇರಲಿಲ್ಲ. ಪುಷ್ಪಲತಾ ಅಡುಗೆಮನೆ ಹೊಕ್ಕು ಡಬ್ಬಗಳನ್ನು ತನ್ನ ಕ್ರಮದಲ್ಲಿ ಜೋಡಿಸಿದಳು. ಎರಡು ದಿನ ಅತ್ತೆ ಸೊಸೆಯ ನಡುವೆ ಉಪ್ಪು, ಹಾಲು, ನೀರಿನ ಮಾತು ಬಿಟ್ಟು ಬೇ‍ರೇನೂ ನಡೆಯಲಿಲ್ಲ.

ಮೂರನೇ ದಿನ ಮಧ್ಯಾಹ್ನ ಶಾಂತಕುಮಾರಿ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪುಷ್ಪಲತಾ ಇನ್ನೊಂದು ಮೊರ ತಂದು ಎದುರು ಕೂತಳು. ತಾನೂ ಬೀಜ ಬಿಡಿಸತೊಡಗಿದಳು.

"ಅತ್ತೆ, ನೀವು ಹೇಳಿದ್ದು ಸರಿ ಅಂತ ನಂಗೆ ಗೊತ್ತು. ದೊಡ್ಡ ಮಾವಂಗೂ ಫೋನ್ ಮಾಡಿ ಕೇಳಿದೆ," ಎಂದಳು ಪುಷ್ಪಲತಾ. "ಆದ್ರೂ ಆ ಪಾತ್ರೆ ಭಾರ ನನ್ನ ಕೈಗೆ ಇನ್ನೂ ಗೊತ್ತು. ಕಣ್ಣು ಮುಚ್ಚಿದ್ರೆ ನಾನೇ ಇಳಿಸ್ತಿರ್ತೀನಿ. ಅದನ್ನ ಏನ್ಮಾಡ್ಲಿ?"

ಶಾಂತಕುಮಾರಿ ಕೈಗೆ ಅಂಟಿದ ಹುಣಸೆಯನ್ನು ಮೊರದ ಅಂಚಿಗೆ ಒರೆಸಿದರು.

"ಇನ್ನೊಂದ್ಸಲ ಹೇಳಿ," ಎಂದಳು ಪುಷ್ಪಲತಾ.

"ಎಲ್ಲಿಂದ ಹೇಳ್ಲಿ?"

"ಫೋನು ಬಂತಲ್ಲ, ಅಲ್ಲಿಂದ. ನಾನು ಎದ್ದು ಹೋದಾಗ ಒಲೆ ಮೇಲೆ ಏನಿತ್ತು, ಅದನ್ನ ಹೇಳಿ."

"ಒಲೆ ಮೇಲೆ ಕೊನೇ ಒಬ್ಬೆ ಬೇಯ್ತಿತ್ತು. ನೀನು ಅದನ್ನ ಮುಟ್ಟಲಿಲ್ಲ," ಎಂದು ಶಾಂತಕುಮಾರಿ ಶುರುಮಾಡಿದರು.